ಗೇಟಿನ ಪಕ್ಕದ ಕರಿಹಲಗೆ

ಆರು ಗೋಲು ತಿಂದು ಸೋತ ಒಂದು ಸಂಜೆ ಮೈದಾನದ ಗೇಟಿನ ಬಳಿ ನಾನು ಆಡಿದ ಒಂದು ಮಾತು ಮುಂದೆ ಎರಡು ವರ್ಷ ನನ್ನ ಬೆನ್ನು ಬಿಡಲಿಲ್ಲ. 2023ರ ಜುಲೈ ತಿಂಗಳ ಒಂದು ಭಾನುವಾರ ಅದು. ಕೆ.ಜಿ.ಎಫ್‌ನ ಚಾಂಪಿಯನ್ ರೀಫ್ಸ್ ಕಡೆಗಿರುವ ನಮ್ಮ ಮೈದಾನದಲ್ಲಿ, ಹದಿನೈದರಿಂದ ಹತ್ತೊಂಬತ್ತರೊಳಗಿನ ಹುಡುಗರನ್ನೇ ಕಟ್ಟಿಕೊಂಡು ಮೊದಲ ಸಲ ದೊಡ್ಡವರ ಫುಟ್‌ಬಾಲ್ ತಂಡವೊಂದರ ಎದುರು ಇಳಿದಿದ್ದೆ. ಮೊದಲರ್ಧಕ್ಕೇ ನಾಲ್ಕು ಗೋಲು ಬಿದ್ದವು, ಎರಡನೆಯ ಅರ್ಧದಲ್ಲಿ ಇನ್ನೆರಡು. ನಾವು ಎದುರಾಳಿಯ ಗೋಲಿನತ್ತ ಚೆಂಡು ಹೊಡೆದದ್ದು ಒಂದೇ ಬಾರಿ. ಅದೂ ಕಂಬದ ಮೇಲಿಂದ ಹಾರಿ ಹಿಂದಿನ ಬೇಲಿಯ ಮುಳ್ಳಿಗೆ ಸಿಕ್ಕಿ ಗಾಳಿ ಬಿಟ್ಟುಕೊಂಡಿತು. ಪಂದ್ಯ ಮುಗಿಸಿ ಹೊರಗೆ ಬರುತ್ತಿದ್ದಾಗ, ಗಣಿಯ ಕೆಳಗೆ ಜೀವಮಾನವೆಲ್ಲ ದುಡಿದು ಈಗ ಎಪ್ಪತ್ತು ದಾಟಿರುವ ಹಿರಿಯರೊಬ್ಬರು ದಾರಿಗೆ ಅಡ್ಡ ನಿಂತು, "ಏನ್ ಮೇಷ್ಟ್ರೇ, ಇದು ನಮ್ಮ ಟೀಮಾ?" ಎಂದು ಕೇಳಿದರು. ಅವರ ಹಿಂದೆ ಇಪ್ಪತ್ತು ಮೂವತ್ತು ಜನ ನಿಂತಿದ್ದರು. "ಒಂದು ವರ್ಷ ತಡೀರಿ ಯಜಮಾನ್ರೇ, ಮುಂದಿನ ಸಲ ಕಪ್ಪು ನಮ್ಮದೇ" ಎಂದುಬಿಟ್ಟೆ.

ಆ ಮಾತಿಗೆ ಯಾವ ಆಧಾರವೂ ಇರಲಿಲ್ಲ. ಎದುರು ನಿಂತವರ ಮುಖವನ್ನೂ ಹಿಂದೆ ಬರುತ್ತಿದ್ದ ಹುಡುಗರ ಮುಖವನ್ನೂ ನೋಡಲಾಗದೆ, ಅಲ್ಲಿಂದ ಪಾರಾಗಲು ಬಾಯಿಗೆ ಬಂದದ್ದನ್ನು ಹೇಳಿದ್ದೆ, ಅಷ್ಟೇ. ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿ ಹದಿನೆಂಟು ವರ್ಷ ಕಳೆದ ನನಗೆ ಮಕ್ಕಳೊಡನೆ ಹೇಗೆ ಮಾತಾಡಬೇಕೆಂಬುದು ಗೊತ್ತಿತ್ತು, ಅವರ ತಂದೆತಾಯಿಯರೊಡನೆಯೂ ಒಂದು ಮಟ್ಟಿಗೆ ಗೊತ್ತಿತ್ತು. ಆದರೆ ತಂಡವನ್ನು ತಮ್ಮ ಮನೆಯದೇ ಎಂದುಕೊಂಡು ವಾರವಾರವೂ ಬಂದು ಕೂರುವ ಜನರಿಗೆ ಕೋಚ್ ಆದವನು ಏನನ್ನು, ಎಷ್ಟನ್ನು, ಯಾವಾಗ ಹೇಳಬೇಕೆಂಬುದನ್ನು ನನಗೆ ಯಾವ ತರಬೇತಿ ಶಿಬಿರವೂ ಹೇಳಿಕೊಟ್ಟಿರಲಿಲ್ಲ.

ಆ ಜನ ಯಾರೆಂಬುದನ್ನು ಮೊದಲು ಹೇಳಬೇಕು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ತನಕ ಈ ಊರಿನ ಹಗಲು ರಾತ್ರಿಗಳು ಶಿಫ್ಟಿನ ಸೈರನ್ನಿಗೆ ಹೊಂದಿಕೊಂಡಿದ್ದವು, ಆಟವೂ ಹಾಗೆಯೇ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ ಬೆಳಗಿನ ಶಿಫ್ಟು ಮುಗಿಸಿ ಮೇಲೆ ಬಂದವರು ಮೈ ತೊಳೆದುಕೊಂಡು ಸಂಜೆ ಮೈದಾನಕ್ಕೆ ಬರುತ್ತಿದ್ದರಂತೆ. ಆಡುವ ವಯಸ್ಸಿನವರು ಆಡುತ್ತಿದ್ದರು, ಉಳಿದವರು ಪಶ್ಚಿಮದ ಕಡೆಗಿರುವ ಮೊಣಕಾಲೆತ್ತರದ ಕಲ್ಲಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಈಗ ಸೈರನ್ ಇಲ್ಲ, ಶಿಫ್ಟೂ ಇಲ್ಲ. ಕಟ್ಟೆ ಇದೆ. ಅದರ ಮೇಲೆ ಯಾರದು ಯಾವ ಜಾಗ ಎಂಬುದು ಪಿತ್ರಾರ್ಜಿತ ಆಸ್ತಿಯಷ್ಟೇ ಖಚಿತ. ತೀರಿಕೊಂಡವರ ಜಾಗವನ್ನು ಕೆಲವು ತಿಂಗಳು ಯಾರೂ ಮುಟ್ಟುವುದಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುತೇಕ ಬರಿಗಾಲಲ್ಲೇ ಆಡಿದ ಭಾರತ ತಂಡದಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಇದ್ದರೆಂಬುದನ್ನು ತಮ್ಮ ತಂದೆಯಿಂದ ಕೇಳಿ ಬೆಳೆದವರು ಇವರು. ಆಡುವ ಹುಡುಗ ಎರಡು ಹೆಜ್ಜೆ ಓಡಿದರೆ ಸಾಕು, ಅವನ ಯಾವ ಕಾಲು ಸೋಮಾರಿಯೆಂದು ಹೇಳಿಬಿಡುತ್ತಾರೆ. ತಿಂಗಳಿಗೆ ತಲೆಗೆ ನೂರು ರೂಪಾಯಿಯಂತೆ ಅವರು ಕೂಡಿಸಿಕೊಡುವ ಹಣದಿಂದಲೇ ನಮಗೆ ಚೆಂಡು, ಗೋಲಿನ ಬಲೆ, ಹೊರಗಿನ ಪಂದ್ಯಗಳಿಗೆ ಟೆಂಪೊ ಬಾಡಿಗೆ.

ತಂಡ ಒಡೆದದ್ದು ಯಾರ ಜಗಳದಿಂದಲೂ ಅಲ್ಲ, ರೈಲಿನಿಂದ. ಗಣಿ ಹೋದ ಮೇಲೆ ಈ ಊರಿನ ದುಡಿಯುವವರಲ್ಲಿ ಬಹಳಷ್ಟು ಜನ ನಸುಕಿನಲ್ಲೇ ಮಾರಿಕುಪ್ಪಂನಿಂದ ಹೊರಡುವ ರೈಲು ಹಿಡಿದು, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಮನೆಗೆ ಬರುತ್ತಾರೆ. ನಮ್ಮ ಆಟಗಾರರು ಇಪ್ಪತ್ಮೂರು ಇಪ್ಪತ್ನಾಲ್ಕು ತುಂಬುತ್ತಿದ್ದಂತೆ ಒಬ್ಬೊಬ್ಬರಾಗಿ ಆ ರೈಲು ಹತ್ತುವುದು ಹೊಸದೇನಲ್ಲ. ಆದರೆ ಆ ವರ್ಷ ಒಟ್ಟಿಗೆ ಏಳು ಜನ ಹತ್ತಿದರು. ಇಬ್ಬರಿಗೆ ಭಾನುವಾರವೂ ಕೆಲಸ. ಉಳಿದ ಐವರು ಭಾನುವಾರ ಬರುತ್ತೇವೆಂದರು, ಆದರೆ ವಾರವೆಲ್ಲ ಚೆಂಡು ಮುಟ್ಟದ ಕಾಲುಗಳೊಡನೆ ಬಂದು ಸ್ನಾಯು ಎಳೆದುಕೊಂಡು ಹೋದರು. ಅಕಾಡೆಮಿಯ ಹುಡುಗರನ್ನು ಮೇಲೆ ತರುವುದು ಬಿಟ್ಟರೆ ನನಗೆ ಬೇರೆ ದಾರಿ ಇರಲಿಲ್ಲ. ಅಕಾಡೆಮಿ ಎಂಬುದು ನಾವು ಇಟ್ಟುಕೊಂಡ ದೊಡ್ಡ ಹೆಸರು. ನಾಲ್ಕು ಕೋನ್, ಒಂಬತ್ತು ಚೆಂಡು, ಒಂದು ಸೀಟಿ.

ಇದೆಲ್ಲ ಕಟ್ಟೆಯವರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ನಾನಾಗಿ ಅವರಿಗೆ ಹೇಳಿರಲಿಲ್ಲ. ನಾನು ಹೇಳಿದ್ದು ಕಪ್ಪಿನ ಮಾತು ಮಾತ್ರ. ಅದೇ ವರ್ಷದ ಮಾರ್ಚ್‌ನಲ್ಲಿ ಕರ್ನಾಟಕ ತಂಡವು, ರಾಜ್ಯ ತಂಡಗಳು ಆಡುವ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಟ್ರೋಫಿ ತಂದಿತ್ತು. 1968-69ರಲ್ಲಿ ನಾವಿನ್ನೂ ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದಾಗ ಗೆದ್ದದ್ದೇ ಅದಕ್ಕೆ ಹಿಂದಿನದು. ಆ ಗೆಲುವಿನ ಬಿಸಿ ಇನ್ನೂ ಆರದಿದ್ದ ಕಟ್ಟೆಯ ಮೇಲೆ ನನ್ನ ಮಾತು ಬಿದ್ದು ಹೊತ್ತಿಕೊಂಡಿತು. ಎರಡು ವಾರಗಳಲ್ಲಿ ನನಗೆ 'ಕಪ್ ಮೇಷ್ಟ್ರು' ಎಂಬ ಹೆಸರಾಯಿತು. ಅದು ನನ್ನೊಬ್ಬನಿಗೆ ತಗುಲಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಕಪ್ಪು ಬರುತ್ತದೆಂದು ನಂಬಿದವರಿಗೆ ಪ್ರತಿ ಸೋಲೂ ಹುಡುಗರ ಅಸಡ್ಡೆಯಾಗಿಯೇ ಕಾಣುತ್ತಿತ್ತು. ಸಾಲ ಮಾಡಿದವನು ನಾನು, ಬಡ್ಡಿ ಕಟ್ಟುತ್ತಿದ್ದವರು ಅವರು. ಕಟ್ಟೆಯ ಬದಿಗೇ ಓಡಬೇಕಾಗಿದ್ದ ರೈಟ್ ಬ್ಯಾಕ್ ಹುಡುಗನೊಬ್ಬ ನಲವತ್ತೈದು ನಿಮಿಷ ಬೈಗುಳ ಕೇಳಿ, ಹಾಫ್‌ಟೈಮಿನಲ್ಲಿ ನನ್ನ ಬಳಿ ಬಂದು, "ಸಾರ್, ಸೆಕೆಂಡ್ ಹಾಫ್‌ನಲ್ಲಿ ಆ ಕಡೆ ಹೋಗ್ತೀವಲ್ವಾ?" ಎಂದು ಕೇಳಿದ. ಅವನ ತೊಂದರೆ ನನಗೆ ಅರ್ಥವಾದದ್ದು, ಮುಂದಿನ ವಾರ ಅವನು ಅಭ್ಯಾಸಕ್ಕೇ ಬಾರದೆ ಹೋದಾಗ.

ಆಗ ನಾನು ಹೋದದ್ದು ಗೇಟಿನೆದುರಿನ ಚಹಾ ಅಂಗಡಿಗೆ, ನನ್ನನ್ನು ಅಡ್ಡಗಟ್ಟಿದ್ದ ಅದೇ ಹಿರಿಯರನ್ನು ಹುಡುಕಿಕೊಂಡು. ಏಳು ಜನ ಹೋದ ಲೆಕ್ಕ, ಈಗಿರುವ ಹುಡುಗರ ವಯಸ್ಸು, ಕನಿಷ್ಠ ಎರಡು ವರ್ಷ ಸೋಲೇ ಹೆಚ್ಚೆಂಬ ನನ್ನ ಅಂದಾಜು, ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಅದರ ಬದಲು ನನ್ನನ್ನು ಚಿಕ್ಕ ಹುಡುಗನಂತೆ ನೋಡಿದರು. "ಐವತ್ನಾಲ್ಕು ವರ್ಷ ಕಾದೋರಿಗೆ ನಿಮ್ಮ ಎರಡು ವರ್ಷ ಒಂದು ಲೆಕ್ಕಾನಾ ಮೇಷ್ಟ್ರೇ? ಕಾಯ್ಬೇಕು ಅಂತ ಮೊದಲೇ ಹೇಳಿದ್ರೆ ಕಾಯ್ತಿದ್ವಿ. ಸೋತ ಮೇಲೆ ಹೇಳಿದ್ರೆ ಅದು ನೆಪ ಆಗುತ್ತೆ" ಎಂದರು. ಚಹಾದ ದುಡ್ಡನ್ನು ಅವರೇ ಕೊಟ್ಟರು, ಅದು ನನಗೆ ಇನ್ನೂ ಹೆಚ್ಚು ನಾಚಿಕೆ ತಂದಿತು.

ಮೊದಲೇ ಹೇಳುವುದು ಹೇಗೆ? ಸಭೆ ಕರೆದರೆ ಗಟ್ಟಿ ಗಂಟಲಿನ ನಾಲ್ಕು ಜನರ ಮಾತು ಮಾತ್ರ ನಡೆಯುತ್ತದೆ. ಮೊಬೈಲಿನಲ್ಲಿ ಸಂದೇಶ ಕಳಿಸಿದರೆ ಕಟ್ಟೆಯ ಅರ್ಧಕ್ಕೂ ಹೆಚ್ಚು ಜನರಿಗೆ ಅದು ಮೊಮ್ಮಕ್ಕಳು ಓದಿ ಹೇಳಿದಾಗಲೇ ತಲುಪುವುದು. ನಮ್ಮ ಶಾಲೆಯಲ್ಲಿ ಬಣ್ಣ ಹೋಗಿ ಮೂಲೆ ಸೇರಿದ್ದ ಒಂದು ಕರಿಹಲಗೆ ಇತ್ತು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಅದನ್ನು ತಂದು, ಕಪ್ಪು ಬಣ್ಣ ಬಳಿದು, ಗೇಟಿನ ಪಕ್ಕದ ಗೋಡೆಗೆ ತಂತಿಯಿಂದ ಬಿಗಿದೆ. ಶನಿವಾರ ಸಂಜೆ ಅಭ್ಯಾಸ ಮುಗಿದ ಮೇಲೆ ಬರೆಯುವುದು, ಭಾನುವಾರ ಪಂದ್ಯಕ್ಕೆ ಬರುವವರು ಓದುವುದು, ಸೋಮವಾರ ಅಳಿಸುವುದು ಎಂದು ಗೊತ್ತುಮಾಡಿಕೊಂಡೆ. ನಾನು ಕನ್ನಡದಲ್ಲಿ ಬರೆದದ್ದನ್ನು ಚಹಾ ಅಂಗಡಿಯ ಅಕ್ಕನ ಮಗಳು ಕೆಳಗೆ ತಮಿಳಿನಲ್ಲಿಯೂ ಬರೆಯುತ್ತಿದ್ದಳು. ಈ ಊರಿನಲ್ಲಿ ಅದಿಲ್ಲದೆ ಆಗದು. ಜುಲೈ ಆಗಸ್ಟ್‌ನಲ್ಲಿ ಗಾಳಿ ಎದ್ದರೆ ಗಣಿಯ ತ್ಯಾಜ್ಯ ಸುರಿದು ಎದ್ದ ಸೈನೈಡ್ ದಿಬ್ಬದ ಬೂದು ಧೂಳು ಬಂದು ಹಲಗೆಯ ಮೇಲೆ ಕೂತು ಅಕ್ಷರಗಳೇ ಕಾಣದಂತಾಗುತ್ತಿತ್ತು. ಆದ್ದರಿಂದ ಆ ಎರಡು ತಿಂಗಳು ಭಾನುವಾರ ಮಧ್ಯಾಹ್ನ ಹೋಗಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಎಲ್ಲವನ್ನೂ ಮತ್ತೊಮ್ಮೆ ಬರೆಯಬೇಕಿತ್ತು.

ಮೊದಲ ದಿನ ಬರೆದ ಮೊದಲ ಸಾಲು ಇದು: "ಮುಂದಿನ ವರ್ಷ ಕಪ್ಪು ನಮ್ಮದೇ ಎಂದು ಜುಲೈಯಲ್ಲಿ ನಾನು ಹೇಳಿದ ಮಾತು ತಪ್ಪು. ಈ ತಂಡಕ್ಕೆ ಕನಿಷ್ಠ ಎರಡು ವರ್ಷ ಬೇಕು." ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ತರಬೇತಿ ಶಿಬಿರದಲ್ಲಿ ಕಲಿತದ್ದನ್ನೆಲ್ಲ ಅದರ ಕೆಳಗೆ ಸುರಿದೆ: ಹೈ ಪ್ರೆಸ್, ಬಿಲ್ಡ್ ಅಪ್, ಟ್ರಾನ್ಸಿಷನ್, ಫೋರ್ ತ್ರೀ ತ್ರೀ. ಜನ ಬಂದು ನಿಂತು, ಮೊದಲ ಸಾಲು ಓದಿ, ತಲೆಯಾಡಿಸಿ, ಒಳಗೆ ಹೋದರು. ಉಳಿದದ್ದರ ಬಗ್ಗೆ ಚಹಾ ಅಂಗಡಿಯ ಅಕ್ಕ, "ಡಾಕ್ಟ್ರು ಚೀಟಿ ಬರ್ದಂಗೈತೆ ಸಾರ್" ಎಂದರು. ಕೋಚ್‌ಗಳ ಮಾತಿನಲ್ಲಿ ಒಂದು ಕೆಟ್ಟ ಗುಣವಿದೆ. ಏನನ್ನೂ ಹೇಳದೆ ಬಹಳ ಹೇಳಿದಂತೆ ಕೇಳಿಸುವ ಪದಗಳು ನಮಗೆ ಬೇಗ ಅಂಟಿಕೊಳ್ಳುತ್ತವೆ. ಮುಂದಿನ ಶನಿವಾರದಿಂದ ಮೂರು ವಾಕ್ಯಕ್ಕಿಂತ ಹೆಚ್ಚು ಬರೆಯುವುದಿಲ್ಲವೆಂದು ನಿರ್ಧರಿಸಿದೆ: ನಾಳೆ ಏನು ಮಾಡಲು ಹೊರಟಿದ್ದೇವೆ, ಅದು ಎಲ್ಲಿ ಕೆಡಬಹುದು, ಕೆಟ್ಟರೆ ಯಾರನ್ನು ಕೇಳಬೇಕು.

ಇದು ನಿಜವಾದ ಪರೀಕ್ಷೆಗೆ ಬಂದದ್ದು ಗೋಲ್ ಕಿಕ್ಕಿನ ವಿಷಯದಲ್ಲಿ, ಅಂದರೆ ಎದುರಾಳಿ ಹೊಡೆದ ಚೆಂಡು ನಮ್ಮ ಗೋಲಿನ ಬದಿಯ ಗೆರೆ ದಾಟಿ ಹೊರಗೆ ಹೋದಾಗ ನಾವು ಆಟವನ್ನು ಮತ್ತೆ ಶುರುಮಾಡುವ ಒದೆತದ ವಿಷಯದಲ್ಲಿ. ನಮ್ಮ ಕಟ್ಟೆಯವರ ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್ ಚೆಂಡನ್ನು ಎತ್ತಿ ಹೊಡೆಯಬೇಕು, ಅದು ನಡು ಮೈದಾನ ದಾಟಿ ಬೀಳಬೇಕು, ಎತ್ತರದ ಫಾರ್ವರ್ಡ್ ಅದನ್ನು ತಲೆಯಿಂದ ಇಳಿಸಬೇಕು. ಅವರ ಕಾಲಕ್ಕೆ ಅದು ಸರಿಯೇ. ಹುಲ್ಲಿಲ್ಲದ ಈ ಗರಸು ನೆಲದಲ್ಲಿ ಚೆಂಡು ಮೊಲದ ಹಾಗೆ ಜಿಗಿಯುವಾಗ ನೆಲದ ಮೇಲೆ ಪಾಸ್ ಕೊಡುವುದಕ್ಕಿಂತ ಗಾಳಿಯಲ್ಲಿ ಕಳಿಸುವುದೇ ಕ್ಷೇಮ. ಆದರೆ ನನ್ನ ಹುಡುಗರಲ್ಲಿ ಆರಡಿ ಮುಟ್ಟಿದವನು ಒಬ್ಬನೂ ಇಲ್ಲ. ಎತ್ತಿ ಹೊಡೆದ ಹತ್ತು ಚೆಂಡಿನಲ್ಲಿ ಎಂಟನ್ನು ಎದುರಿನ ಇಪ್ಪತ್ತೈದು ವರ್ಷದ ಗಟ್ಟಿಗರು ತಲೆಯಿಂದ ಗುದ್ದಿ ಮತ್ತೆ ನಮ್ಮ ಗೋಲಿನತ್ತಲೇ ಕಳಿಸುತ್ತಿದ್ದರು, ನಮ್ಮವರು ಮತ್ತೆ ಓಡಬೇಕಿತ್ತು. ಆರು ಗೋಲು ಬಿದ್ದ ದಿನ ನಡೆದದ್ದೂ ಇದೇ. ಆದ್ದರಿಂದ ಗೋಲ್‌ಕೀಪರ್ ಪಕ್ಕದ ಡಿಫೆಂಡರ್‌ಗೆ ಸಣ್ಣ ಪಾಸ್ ಕೊಟ್ಟು, ಅಲ್ಲಿಂದ ಮೂರು ನಾಲ್ಕು ಪಾಸ್‌ಗಳಲ್ಲಿ ಚೆಂಡನ್ನು ಮೇಲಕ್ಕೆ ತರುವುದನ್ನು ಎರಡು ತಿಂಗಳು ಕಲಿಸಿದೆ. 2019ರಲ್ಲಿ ನಿಯಮ ಬದಲಾದ ಮೇಲೆ ಇದು ಸುಲಭವಾಗಿದೆ. ಅದಕ್ಕೆ ಮುಂಚೆ ಗೋಲ್ ಕಿಕ್ಕಿನ ಚೆಂಡು ಗೋಲಿನ ಮುಂದೆ ಗೆರೆ ಎಳೆದ ಪೆನಾಲ್ಟಿ ಬಾಕ್ಸ್ ದಾಟಿ ಹೊರಗೆ ಬಂದ ಮೇಲಷ್ಟೇ ಇನ್ನೊಬ್ಬ ಆಟಗಾರ ಮುಟ್ಟಬಹುದಿತ್ತು. ಈಗ ನಮ್ಮ ಡಿಫೆಂಡರ್ ಬಾಕ್ಸಿನೊಳಗೇ ನಿಂತು ಪಾಸ್ ತೆಗೆದುಕೊಳ್ಳಬಹುದು, ಎದುರಾಳಿ ಮಾತ್ರ ಚೆಂಡು ಕದಲುವ ತನಕ ಹೊರಗಿರಬೇಕು.

ಕಟ್ಟೆಯಲ್ಲಿ ಈ ಬದಲಾವಣೆ ಗೊತ್ತಿದ್ದವರು ಇಬ್ಬರೋ ಮೂವರೋ. ಹಿಂದಿನ ಒಂದು ಪಂದ್ಯದಲ್ಲಿ ಎದುರಾಳಿ ತಂಡ ಹಾಗೆ ಮಾಡಿದಾಗ, "ಬಾಕ್ಸ್ ಒಳಗೆ ಮುಟ್ಟಿದ, ರೀ-ಕಿಕ್!" ಎಂದು ಇಡೀ ಕಟ್ಟೆ ಎದ್ದು ರೆಫರಿಯ ಮೇಲೆ ಹರಿಹಾಯ್ದಿತ್ತು, ಆ ಪಾಪದ ರೆಫರಿ ಸೀಟಿಯನ್ನು ಕಚ್ಚಿಕೊಂಡು ಸುಮ್ಮನೆ ನಿಂತಿದ್ದ. ಹಾಗಾಗಿ ಆ ಶನಿವಾರ ಮೂರು ವಾಕ್ಯದ ಕಟ್ಟುಪಾಡು ಮೀರಿ ಹೀಗೆ ಬರೆದೆ: "ಗೋಲ್ ಕಿಕ್ಕಿನ ಚೆಂಡನ್ನು ನಮ್ಮವರು ಬಾಕ್ಸಿನ ಒಳಗೇ ತೆಗೆದುಕೊಳ್ಳಬಹುದು, 2019ರಿಂದ ಇದು ನಿಯಮ. ನಾಳೆ ನಮ್ಮ ಗೋಲ್‌ಕೀಪರ್ ಚೆಂಡನ್ನು ಎತ್ತಿ ಹೊಡೆಯುವುದಿಲ್ಲ. ಹುಡುಗರು ಇನ್ನೂ ಕಲಿಯುತ್ತಿದ್ದಾರೆ, ಇದರಿಂದಲೇ ಒಂದು ಗೋಲು ಬಿದ್ದರೂ ಬೀಳಬಹುದು. ಬಿದ್ದರೆ ನನ್ನನ್ನು ಬೈಯಿರಿ, ಅವರನ್ನಲ್ಲ."

ಇಪ್ಪತ್ತನೆಯ ನಿಮಿಷದಲ್ಲಿ ಬಿತ್ತು. ಎಡಗಡೆಯ ಡಿಫೆಂಡರ್ ಹಿಂದಿರುಗಿ ನೋಡದೆ ಗೋಲ್‌ಕೀಪರ್‌ಗೆ ಚೆಂಡು ತಳ್ಳಿದ. ಅದನ್ನು ಕೈಯಲ್ಲಿ ಹಿಡಿಯುವ ಹಾಗಿಲ್ಲ. 1992ರಿಂದಲೂ ತನ್ನವನೇ ಬೇಕೆಂದು ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟಬಾರದು. ಅವನು ಕಾಲಿನಿಂದ ನಿಲ್ಲಿಸಲು ಹೋದಾಗ ಚೆಂಡು ಒಂದು ಕಲ್ಲಿಗೆ ತಾಗಿ ಅವನ ಹಿಮ್ಮಡಿಯ ಹಿಂದಿನಿಂದ ಜಾರಿತು, ಎದುರಾಳಿ ಫಾರ್ವರ್ಡ್ ನಡೆದುಕೊಂಡೇ ಹೋಗಿ ಒಳಗೆ ತಳ್ಳಿದ. ಕಟ್ಟೆಯ ತುದಿಯಿಂದ ಒಂದು ಗಂಟಲು, "ಎತ್ತಿ ಹೊಡಿಯೋ ದಡ್..." ಎಂದು ಶುರುಮಾಡಿತು. ಹಿರಿಯರು ತಿರುಗಿ, ಕೋಲೆತ್ತಿ ಗೇಟಿನ ಕಡೆ ತೋರಿಸಿ, "ಬೋರ್ಡು ಓದಿಲ್ವಾ? ಮೇಷ್ಟ್ರನ್ನ ಬೈ" ಎಂದರು. ಆ ಮನುಷ್ಯ ಅದೇ ಬೈಗುಳವನ್ನು ಪೂರ್ತಿಯಾಗಿ, ಒಂದಕ್ಷರವೂ ಬಿಡದೆ, ನನ್ನ ಕಡೆ ತಿರುಗಿಸಿದರು. ಜನ ನಕ್ಕರು. ಗೋಲ್‌ಕೀಪರ್ ಹುಡುಗ ನನ್ನ ಮುಖ ನೋಡಿದ. ಅದೇ ಸಣ್ಣ ಪಾಸ್ ಎಂದು ಕೈಸನ್ನೆ ಮಾಡಿದೆ. ಮುಂದಿನ ಗೋಲ್ ಕಿಕ್ಕನ್ನು ಅವನು ಮತ್ತೆ ಪಕ್ಕದವನಿಗೇ ಕೊಟ್ಟ. ಆ ಪಂದ್ಯ 1-2ರಲ್ಲಿ ಸೋತೆವು. ಬಿಟ್ಟುಹೋಗಿದ್ದ ರೈಟ್ ಬ್ಯಾಕ್ ಹುಡುಗ ಅಂದು ಬೇಲಿಯ ಹೊರಗೆ ಸೈಕಲ್ ಮೇಲೆ ಕೂತು ನೋಡುತ್ತಿದ್ದನಂತೆ. ಮಂಗಳವಾರ ಅಭ್ಯಾಸಕ್ಕೆ ಬಂದ.

ಇಷ್ಟಾದ ಮೇಲೆ ಹಲಗೆಯ ಮೇಲೆ ನನಗೆ ಅತಿಯಾದ ನಂಬಿಕೆ ಬಂದದ್ದೇ ಮುಂದಿನ ತಪ್ಪಿಗೆ ಕಾರಣ. ಜನರಿಗೆ ನಿಜ ಹೇಳಬೇಕೆಂದುಕೊಂಡವನು, ಯಾರ ನಿಜವನ್ನು ಹೇಳುವ ಹಕ್ಕು ನನಗಿದೆ ಎಂಬುದನ್ನು ಯೋಚಿಸಲಿಲ್ಲ. ನಡು ಮೈದಾನದ ಒಬ್ಬ ಹುಡುಗ ಮೂರು ವಾರ ಅಭ್ಯಾಸಕ್ಕೆ ಬರಲಿಲ್ಲ. ಅವನನ್ನು ತಂಡದಿಂದ ಕೈಬಿಟ್ಟಾಗ ಕಟ್ಟೆಯವರು ಕೇಳುತ್ತಾರೆಂದು, ಅವನ ಅಂಗಿಯ ನಂಬರು ಹಾಕಿ, "ಅಭ್ಯಾಸಕ್ಕೆ ಬಾರದ ಕಾರಣ ಈ ವಾರ ಆಡುವುದಿಲ್ಲ" ಎಂದು ಬರೆದೆ. ಅಕ್ಷರಕ್ಷರವೂ ಸತ್ಯ. ಸೋಮವಾರ ಬೆಳಿಗ್ಗೆ ಅವನ ತಾಯಿ ಶಾಲೆಯ ಗೇಟಿನ ಬಳಿ ಕಾಯುತ್ತಿದ್ದರು. ಬೇರೆಯವರ ಮನೆಯಲ್ಲಿ ಅಡುಗೆ ಮಾಡಿ ಸಂಸಾರ ತೂಗಿಸುವ ಹೆಂಗಸು ಅವರು. ಗಂಡನಿಗೆ ಕಾಯಿಲೆಯಾಗಿ ಆಸ್ಪತ್ರೆ ಸೇರಿದ್ದರಿಂದ ಮಗ ಸಂಜೆಯ ಹೊತ್ತು ಅಲ್ಲಿ ಕೂರಬೇಕಾಗಿತ್ತು. ಯಾರಿಗೂ ಹೇಳಬೇಡವೆಂದು ತಂದೆಯೇ ಅವನಿಗೆ ಹೇಳಿದ್ದರು. "ರಾಬರ್ಟ್‌ಸನ್‌ಪೇಟೆ ಮಾರ್ಕೆಟ್‌ನಲ್ಲಿ ಸೊಪ್ಪು ಕೊಳ್ತಿದ್ದೆ ಸಾರ್, ನಿಮ್ಮ ಹುಡುಗ ಗ್ರೌಂಡಿಗೆ ಹೋಗೋದು ಬಿಟ್ಟು ಎಲ್ಲಿ ತಿರುಗ್ತಾನೆ ಅಂತ ಕೇಳಿದ್ರು" ಎಂದರು. ಜಗಳವಾಡಲಿಲ್ಲ, ಅಳಲಿಲ್ಲ, ಅಷ್ಟು ಹೇಳಿ ಕೆಲಸಕ್ಕೆ ಹೊತ್ತಾಯಿತೆಂದು ಹೊರಟರು.

ಅಂದು ಸಂಜೆ ಅವರ ಮನೆಗೆ ಹೋದೆ. ಗಣಿಯ ಕಾಲದ ಸಾಲುಮನೆ, ತಗ್ಗಿದ ಮಾಡು; ತಲೆ ಬಗ್ಗಿಸದೆ ಒಳಗೆ ಹೋಗುವಂತಿರಲಿಲ್ಲ. ಹುಡುಗನ ಎದುರಿಗೇ ತಾಯಿಯ ಕ್ಷಮೆ ಕೇಳಿದೆ. ಹಲಗೆಯ ಮೇಲೂ ಕ್ಷಮೆ ಬರೆಯಬೇಕೆಂದು ಮೊದಲು ಅನ್ನಿಸಿತ್ತು. ಬರೆದರೆ ಮರೆತವರಿಗೂ ಮತ್ತೆ ನೆನಪಿಸಿದಂತಾಗುತ್ತದೆ ಎಂದು ಆ ಹುಡುಗನೇ ಬೇಡವೆಂದ. ಅವನಿಗೆ ಹದಿನೇಳು ವರ್ಷ, ಆ ವಿಷಯದಲ್ಲಿ ನನಗಿಂತ ತಿಳುವಳಿಕೆಯಿತ್ತು. ಅಂದಿನಿಂದ ಹಲಗೆಯ ಮೇಲೆ ಹುಡುಗರ ಹೆಸರು, ನಂಬರು ಯಾವುದೂ ಬರಲಿಲ್ಲ. ತಂಡ ಏನು ಮಾಡುತ್ತದೆಂಬುದನ್ನು ಊರಿಗೆಲ್ಲ ಹೇಳಬಹುದು, ಹುಡುಗನಿಗೆ ಏನಾಗಿದೆ ಎಂಬುದು ಅವನ ಮನೆಯವರಿಗೆ ಮಾತ್ರ ಸೇರಿದ್ದು. ಯಾರಾದರೂ ಕಟ್ಟೆಯಿಂದ ಕೇಳಿದರೆ, "ನನಗೆ ಗೊತ್ತಿದೆ, ಹೇಳುವ ಹಾಗಿಲ್ಲ" ಎಂದು ಹೇಳುವುದನ್ನು ರೂಢಿಸಿಕೊಂಡೆ. "ಗೊತ್ತಿಲ್ಲ" ಎಂದು ಸುಳ್ಳು ಹೇಳುವುದಕ್ಕಿಂತ ಇದನ್ನು ಜನ ಬೇಗ ಒಪ್ಪಿದರು. ಆದರೆ ಮಾರುಕಟ್ಟೆಯಲ್ಲಿ ಆ ತಾಯಿ ಎದುರಾದರೆ ಇಂದಿಗೂ ನಾನೇ ಮೊದಲು ಕಣ್ಣು ತಗ್ಗಿಸುತ್ತೇನೆ.

ಹಲಗೆಗೆ ಒಗ್ಗದ ಇನ್ನೊಂದು ವಿಷಯ ಮೊಣಕಾಲಿನ ನೋವು. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನು ಹದಿನೈದರ ಹುಡುಗ, ಎಡಗಾಲಿನವನು, ಕಟ್ಟೆಯ ಕಣ್ಮಣಿ. ಆ ವರ್ಷ ಅವನು ಬಿದಿರಿನಂತೆ ಬೆಳೆಯತೊಡಗಿದ. ಜೊತೆಗೆ ಮೊಣಕಾಲ ಚಿಪ್ಪಿನ ಕೆಳಗೆ, ಮೊಣಕಾಲಿನಿಂದ ಕೆಳಗಿಳಿಯುವ ಕಾಲೆಲುಬಿನ ಮೇಲ್ತುದಿಯಲ್ಲಿ ಒಂದು ಗಂಟು, ಒತ್ತಿದರೆ ನೋವು. ಬೆಳೆಯುವ ವಯಸ್ಸಿನ ಆಟಗಾರರಲ್ಲಿ ಇದು ಸಾಮಾನ್ಯ. ಎಲುಬು ಬೇಗ ಬೆಳೆದು, ತೊಡೆಯ ಸ್ನಾಯು ಅಷ್ಟೇ ವೇಗದಲ್ಲಿ ಹಿಗ್ಗದೆ, ಅದರ ತುದಿ ಎಲುಬಿಗೆ ಅಂಟಿಕೊಂಡ ಜಾಗವನ್ನು ಪ್ರತಿ ಒದೆತಕ್ಕೂ ಜಗ್ಗುತ್ತದೆ. ಬೆಳವಣಿಗೆ ನಿಂತ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಕಡಿಮೆಯಾಗುತ್ತದೆ. ಅಲ್ಲಿಯ ತನಕ ಓಟ, ಜಿಗಿತ ಎರಡನ್ನೂ ಮಿತಿಯಲ್ಲಿಡಬೇಕು. ಅವನನ್ನು ಅರ್ಧ ಗಂಟೆಗಿಂತ ಹೆಚ್ಚು ಆಡಿಸದಿದ್ದಾಗ ಕಟ್ಟೆ ಕುದಿಯಿತು. ಅವನ ತಂದೆಯ ಒಪ್ಪಿಗೆ ಕೇಳಿದೆ. ಅವರು, ತಾವೂ ಇರುವುದಾದರೆ ಸರಿ ಎಂದರು. ಆದ್ದರಿಂದ ಬುಧವಾರದ ಅಭ್ಯಾಸಕ್ಕೆ ಕಟ್ಟೆಯ ಹಿರಿಯರಲ್ಲಿ ಐದಾರು ಜನರನ್ನು ಕರೆದು, ಯಾರ ಹೆಸರೂ ಎತ್ತದೆ, ಎಲ್ಲ ಹುಡುಗರನ್ನೂ ಸಾಲಾಗಿ ನಿಲ್ಲಿಸಿ, ಜೂನ್ ತಿಂಗಳಲ್ಲಿ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಗುರುತಿಸಿದ್ದ ಎತ್ತರಕ್ಕೆ ಅವರನ್ನು ಆನಿಸಿ ಅಳೆದೆ. ಬೆಳೆಯುವ ಕಾಲು ಏಕೆ ನೋಯುತ್ತದೆಂದು ಹೇಳಿದೆ. ಯಾವ ಹುಡುಗನ ಗುರುತು ಎಷ್ಟು ಕೆಳಗುಳಿದಿತ್ತೆಂಬುದನ್ನು ಅವರೇ ನೋಡಿದರು, ಬೇರೆ ಪ್ರಶ್ನೆ ಬರಲಿಲ್ಲ. ಆಮೇಲೆ ಅವರಲ್ಲಿ ಇಬ್ಬರು ಪ್ರತಿ ಬುಧವಾರ ಬರತೊಡಗಿದರು. ಅವರಿಗೆ ಚೆಂಡು ಹೆಕ್ಕುವ ಕೆಲಸ ಕೊಟ್ಟೆ. ಸಲಹೆ ಕೊಡುವ ಕೆಲಸವನ್ನು ಅವರೇ ತೆಗೆದುಕೊಂಡರು.

ರೈಲು ಹತ್ತಿ ಹೋಗಿದ್ದ ಹಳೆಯ ಫಾರ್ವರ್ಡ್ ಒಬ್ಬ ಎರಡನೆಯ ವರ್ಷ ಮರಳಿ ಬಂದದ್ದು ಇನ್ನೊಂದು ತೊಡಕು. ಇಪ್ಪತ್ತೆಂಟು ವರ್ಷ, ಊರಿಗೆಲ್ಲ ಬೇಕಾದವನು, ಜಿಲ್ಲಾ ಮಟ್ಟದ ಟೂರ್ನಿ ಹತ್ತಿರ ಬಂದಿತ್ತು. ಅವನನ್ನು ಮೊದಲ ಹನ್ನೊಂದರಲ್ಲಿ ಆಡಿಸಬೇಕೆಂದು ಕಟ್ಟೆ ಒಕ್ಕೊರಲಿನಿಂದ ಕೇಳಿತು. ಆಡಿಸಿದರೆ ಎರಡು ವರ್ಷದಿಂದ ಆ ಜಾಗದಲ್ಲಿ ಪೆಟ್ಟು ತಿಂದು ಕಲಿತ ಹುಡುಗ ಹೊರಗೆ ಕೂರಬೇಕಿತ್ತು. ಇಲ್ಲಿ ನಾನು ಒಂದು ಕ್ರಮವನ್ನು ಮಾತ್ರ ಸರಿಯಾಗಿ ಪಾಲಿಸಿದೆ: ಮೊದಲು ಆ ಫಾರ್ವರ್ಡ್‌ನನ್ನೇ ಕಾಣಲು ಶುಕ್ರವಾರ ರಾತ್ರಿ ರೈಲು ಬರುವ ಹೊತ್ತಿಗೆ ನಿಲ್ದಾಣಕ್ಕೆ ಹೋದೆ, ಆಮೇಲೆ ಹುಡುಗರಿಗೆ ಹೇಳಿದೆ, ಕೊನೆಗೆ ಹಲಗೆಗೆ ಹೋದೆ. ಕೊನೆಯ ಇಪ್ಪತ್ತು ನಿಮಿಷ ಇಳಿಸುತ್ತೇನೆಂದಾಗ ಅವನು ಊಟದ ಡಬ್ಬಿಯ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು, "ಕಟ್ಟೆಯೋರಿಗೆ ನಾನೇ ಹೇಳ್ತೀನಿ ಬಿಡಿ ಸಾರ್" ಎಂದ. ಹೇಳಿದನೂ ಸಹ. ಹಲಗೆಯ ಮೇಲೆ ನಾನು ಬರೆದದ್ದು ಒಂದೇ ವಾಕ್ಯ: "ನಾಳೆಯೂ ಹುಡುಗರೇ ಶುರುಮಾಡುತ್ತಾರೆ."

ಆ ಟೂರ್ನಿಯಲ್ಲಿ ಎರಡು ಪಂದ್ಯ ಗೆದ್ದು, ಕ್ವಾರ್ಟರ್ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತೆವು. 'ಕಪ್ ಮೇಷ್ಟ್ರು' ಎಂಬ ಹೆಸರು ಹೋಗಿಲ್ಲ, ಹೋಗುವುದೂ ಇಲ್ಲ. ಈಗ ಚಹಾ ಅಂಗಡಿಯಲ್ಲಿ ಹಾಗೆ ಕರೆದು ಕಪ್ಪಿನ ತುಂಬ ಚಹಾ ಕೊಡುತ್ತಾರೆ.

2025ರ ಜೂನ್‌ನಲ್ಲಿ ಅಭ್ಯಾಸ ಮತ್ತೆ ಶುರುವಾದ ವಾರ, ಶನಿವಾರ ಸೀಮೆಸುಣ್ಣ ಹಿಡಿದು ಹೋದಾಗ ಹಲಗೆಯ ಮೇಲೆ ಆಗಲೇ ಯಾರೋ ಬರೆದಿದ್ದರು. ನಡುಗುವ ಕೈಯ ದೊಡ್ಡ ಅಕ್ಷರ: "ಮೇಷ್ಟ್ರು ಒಬ್ಬರೇ ಬಂದು ಸಿಗಬೇಕು." ಚಹಾ ಅಂಗಡಿಯ ಹಿಂದಿನ ಬೆಂಚಿನಲ್ಲಿ ಹಿರಿಯರು ಕೂತಿದ್ದರು. ನಾನು ಪಕ್ಕದಲ್ಲಿ ಕೂತ ಮೇಲೂ ಅಕ್ಕ ಒಳಗೆ ಹೋಗುವ ತನಕ ಬಾಯಿ ತೆರೆಯಲಿಲ್ಲ. ಆಮೇಲೆ ದನಿ ತಗ್ಗಿಸಿ, ಎಡಗಾಲಿನ ಆ ಚಿಕ್ಕ ಹುಡುಗ ಒಂದು ವಾರದಿಂದ ಚೆಂಡು ನಿಲ್ಲಿಸುವಾಗ ಹೆಬ್ಬೆರಳನ್ನು ಒಳಕ್ಕೆ ಮಡಿಸುತ್ತಿದ್ದಾನೆ, ಬೂಟು ಚಿಕ್ಕದಾಗಿದೆ, ಮನೆಯಲ್ಲಿ ಕೇಳಲು ಅವನಿಗೆ ಸಂಕೋಚವಿರಬೇಕು, ಬೋರ್ಡಿನಲ್ಲಿ ಬರೆಯುವ ವಿಷಯವಲ್ಲವೆಂದು ಕರೆದೆ ಎಂದರು. ಅಂದಿನ ಅಭ್ಯಾಸ ಮುಗಿದ ಮೇಲೆ ಹುಡುಗನನ್ನು ಕೂರಿಸಿ ಬೂಟು ಬಿಚ್ಚಿಸಿದೆ. ಒಂಬತ್ತನೆಯ ನಂಬರಿನ ಪಾದ, ಏಳನೆಯ ನಂಬರಿನ ಬೂಟು.